ಫಯೋಲ್‌ರ ತತ್ವಗಳು ಮತ್ತು ನಮ್ಮ ಬಟ್ಟೆ ಅಂಗಡಿ

ವ್ಯವಹಾರ ಅಧ್ಯಯನದಲ್ಲಿ ನಿರ್ವಹಣಾ ತತ್ವಗಳ ಪಾಠ ಬಂದಾಗ ನಾವೆಲ್ಲ ಮಾಡುವುದು ಒಂದೇ ಕೆಲಸ: ಹೆನ್ರಿ ಫಯೋಲ್ ಅವರ 14 ತತ್ವಗಳ ಮೊದಲ ಅಕ್ಷರಗಳನ್ನು ಜೋಡಿಸಿ ಬಾಯಿಪಾಠ ಮಾಡುವುದು. ನಾನೂ ಹಾಗೇ ಮಾಡಿ ಕಿರುಪರೀಕ್ಷೆಯಲ್ಲಿ ಹದಿನಾಲ್ಕನ್ನೂ ಬರೆದೆ. ಆದರೆ ‘ಆದೇಶದ ಏಕತೆ’ಗೂ ‘ನಿರ್ದೇಶನದ ಏಕತೆ’ಗೂ ಇರುವ ವ್ಯತ್ಯಾಸ ಕೇಳಿದಾಗ ಎರಡಕ್ಕೂ ಒಂದೇ ಉತ್ತರ ಬರೆದಿದ್ದೆ.

ಫಯೋಲ್ ಕಾಲೇಜಿನಲ್ಲಿ ಕುಳಿತು ತತ್ವ ಬರೆದವರಲ್ಲ. 1841ರಲ್ಲಿ ಹುಟ್ಟಿದ ಅವರು 1860ರಲ್ಲಿ ಫ್ರಾನ್ಸಿನ ಕಲ್ಲಿದ್ದಲು ಗಣಿಯೊಂದಕ್ಕೆ ಎಂಜಿನಿಯರ್ ಆಗಿ ಸೇರಿದರು. 1888ರಲ್ಲಿ ಕಂಪನಿ ದಿವಾಳಿಯ ಸ್ಥಿತಿಯಲ್ಲಿದ್ದಾಗ ಅದರ ಮುಖ್ಯಸ್ಥರಾದರು. 1918ರಲ್ಲಿ ನಿವೃತ್ತರಾದಾಗ ಅದು ಗಟ್ಟಿಯಾಗಿ ನಿಂತಿತ್ತು. ಅವರ ತತ್ವಗಳು ಪ್ರಕಟವಾದದ್ದು 1916ರಲ್ಲಿ.

ಅವರು 1861ರ ಒಂದು ಘಟನೆಯನ್ನು ಬರೆದಿಟ್ಟಿದ್ದಾರೆ. ಗಣಿಯೊಳಗೆ ಕೆಲಸ ಮಾಡುವ ಕುದುರೆಯೊಂದರ ಕಾಲು ಮುರಿಯಿತು. ಬೇರೆ ಕುದುರೆ ಕೊಡಿ ಎಂದು ಫಯೋಲ್ ಚೀಟಿ ಬರೆದರು. ನಿರ್ದೇಶಕರ ಸಹಿ ಇಲ್ಲವೆಂದು ಲಾಯದವನು ಕೊಡಲಿಲ್ಲ. ನಿರ್ದೇಶಕರು ಊರಲ್ಲಿರಲಿಲ್ಲ, ತಮ್ಮ ಬದಲಿಗೆ ಯಾರನ್ನೂ ನೇಮಿಸಿಯೂ ಇರಲಿಲ್ಲ. ಆ ಭಾಗದ ಕೆಲಸವೇ ನಿಂತಿತು. ಹೊಣೆಯಿದ್ದವನಿಗೆ ಅಧಿಕಾರ ಇರಲಿಲ್ಲ. ‘ಅಧಿಕಾರ ಮತ್ತು ಹೊಣೆಗಾರಿಕೆ’ ಜೊತೆಯಲ್ಲೇ ಇರಬೇಕು ಎಂಬ ತತ್ವ ನನಗೆ ಅರ್ಥವಾದದ್ದು ಈ ಕುದುರೆಯಿಂದ.

ನಮ್ಮ ಅಂಗಡಿಯಲ್ಲಿ ಆದದ್ದು ಇದರ ತಿರುವು. ಹಬ್ಬಕ್ಕೆ ಮುಂಚೆ ಅಬ್ಬಾ ಸರಕು ತರಲು ಸೂರತ್‌ಗೆ ಹೋದರು. ಅಂಗಡಿ ಯಾರ ಜವಾಬ್ದಾರಿ ಎಂದು ಹೇಳಿ ಹೋಗಲಿಲ್ಲ. ಅಲ್ಲಿ ಆದೇಶ ಕೊಡುವವರೇ ಇರಲಿಲ್ಲ, ಇಲ್ಲಿ ಇಬ್ಬರಿದ್ದೆವು. ಆರು ವರ್ಷದಿಂದ ನಮ್ಮಲ್ಲಿದ್ದ ಚಾಚಾಗೆ ಭಾಯಿ ಹೊಸ ಬಟ್ಟೆಗಳಿಗೆ ಬೆಲೆಚೀಟಿ ಹಚ್ಚಲು ಹೇಳಿದ. ಅರ್ಧ ಗಂಟೆಯಲ್ಲಿ ನಾನು ಟೈಲರ್ ಹತ್ತಿರ ಹೋಗಿ ಬರಲು ಕಳಿಸಿದೆ. “ಬೇಟಾ, ಮೊದಲು ಯಾವುದು ಮಾಡಲಿ?” ಎಂದು ಅವರು ಕೇಳಿದರು. “ಎರಡೂ ಮಾಡಿ” ಎಂದೆ! ಸಂಜೆ ಬೆಲೆಚೀಟಿಯ ಕೆಲಸ ಮುಗಿದಿರಲಿಲ್ಲ. ಗಿರಾಕಿಗಳ ಮುಂದೆ ಭಾಯಿ ಅವರನ್ನು ಬೈದ. ನಾನು ಸುಮ್ಮನಿದ್ದೆ. ತಿಂಗಳು ತುಂಬುತ್ತಲೇ ಚಾಚಾ ಲೆಕ್ಕ ಮುಗಿಸಿಕೊಂಡು ಬೇರೆ ಅಂಗಡಿಗೆ ಹೋದರು.

ಆದೇಶದ ಏಕತೆ ಎಂದರೆ ಇದೇ: ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಧಿಕಾರಿ. ಇದು ವ್ಯಕ್ತಿಗೆ ಸಂಬಂಧಿಸಿದ್ದು. ನಿರ್ದೇಶನದ ಏಕತೆ ಕೆಲಸಕ್ಕೆ ಸಂಬಂಧಿಸಿದ್ದು. ಶಾಲಾ ಸಮವಸ್ತ್ರದ ವ್ಯಾಪಾರವನ್ನೇ ನೋಡಿ. ಬಟ್ಟೆ ತರಿಸುವುದು, ಅಳತೆ, ಹೊಲಿಗೆ, ವಿತರಣೆ ಎಲ್ಲದರ ಗುರಿ ಒಂದೇ. ಆದ್ದರಿಂದ ಯೋಜನೆ ಒಂದೇ ಇರಬೇಕು, ಮುಖ್ಯಸ್ಥನೂ ಒಬ್ಬನೇ ಇರಬೇಕು. ಯೋಜನೆ ಸರಿಯಿದ್ದರೂ ಕೆಲಸಗಾರನಿಗೆ ಇಬ್ಬರು ಆದೇಶ ಕೊಟ್ಟರೆ ನಮ್ಮಲ್ಲಿ ಆದ ಹಾಗೇ ಆಗುತ್ತದೆ.

ನಮ್ಮ ತಪ್ಪಿನಲ್ಲಿ ‘ಸಮಾನತೆ’ಯೂ ‘ಸಿಬ್ಬಂದಿಯ ಸ್ಥಿರತೆ’ಯೂ ಕೆಟ್ಟವು. ಹೊಸಬರಿಗೆ ಸೀರೆಯ ಕಪಾಟು ತಿಳಿಯಲು ಎರಡು ತಿಂಗಳು ಹಿಡಿಯಿತು. 14 ತತ್ವಗಳನ್ನು ಬೇರೆ ಬೇರೆ ಓದುತ್ತೇವೆ, ಅಂಗಡಿಯಲ್ಲಿ ಅವು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ತತ್ವಗಳು ಕಟ್ಟುನಿಟ್ಟಲ್ಲ, ಸಂದರ್ಭಕ್ಕೆ ತಕ್ಕಂತೆ ಬಳಸಬೇಕು ಎಂದು ಫಯೋಲ್ ಅವರೇ ಹೇಳಿದ್ದಾರೆ. ಪರೀಕ್ಷೆಯಲ್ಲಿ ಇದನ್ನು ಬರೆಯಲು ಮರೆಯಬೇಡಿ.

ಈಗ ಅಬ್ಬಾ ಊರಿಗೆ ಹೊರಡುವ ಮುನ್ನ ಎಲ್ಲರೆದುರು ಭಾಯಿಯ ಹೆಸರು ಹೇಳಿ ಹೋಗುತ್ತಾರೆ. ನಾನು ಬಿಲ್ ಮಾತ್ರ ಬರೆಯುತ್ತೇನೆ. ಕಳೆದ ವಾರ ಚಾಚಾ ಇರುವ ಅಂಗಡಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಚಹಾ ತರಿಸಿದರು. ವಾಪಸ್ ಬರುವ ಮಾತಿಗೆ ಇನ್ನೂ ಏನೂ ಹೇಳಿಲ್ಲ.