ನೋಯುವ ಮೂಲೆಗೆ ಕಟರ್ ಹಾಕಬೇಡ



ಕಾಲಿನ ಹೆಬ್ಬೆರಳ ಉಗುರು ಮಾಂಸದೊಳಕ್ಕೆ ಬೆಳೆಯುವ ಕಾಟ ಹೆಚ್ಚಾಗಿ ನಿನ್ನಂಥ ಹದಿಹರೆಯದವರಿಗೇ ಬರುತ್ತದೆ. ಕಾಲು ಬೆವರಿ ಚರ್ಮ ಮೆತ್ತಗಾಗಿರುತ್ತದೆ, ಶೂ ಮುಂದಿನಿಂದ ಒತ್ತುತ್ತಿರುತ್ತದೆ, ಆಟದಲ್ಲಿ ಬೆರಳಿಗೆ ಪೆಟ್ಟೂ ಬೀಳುತ್ತದೆ. ಕೆಲವರಿಗೆ ಉಗುರಿನ ಬಾಗು ಹುಟ್ಟಿನಿಂದಲೇ ಹಾಗಿರುತ್ತದೆ. ಇಷ್ಟಿದ್ದರೂ ಬಹಳ ಸಲ ಉಗುರಿಗೆ ಒಳಹೋಗಲು ದಾರಿ ತೋರಿಸುವುದು ನಮ್ಮ ಕೈಯ ನೇಲ್ ಕಟರ್. ಕೈಬೆರಳಿನ ಹಾಗೆ ಅಂದವಾಗಿ ದುಂಡಗೆ ಕತ್ತರಿಸಲು ಹೋದಾಗ ಕಟರಿನ ಬಾಯಿ ಮೂಲೆಯ ತಳದವರೆಗೆ ಹೋಗುವುದಿಲ್ಲ. ಅಲ್ಲಿ ಚರ್ಮದ ಮಡಿಕೆಯೊಳಗೆ ಕಣ್ಣಿಗೆ ಕಾಣದ ಒಂದು ಚೂಪು ಸಿಬಿರು ಉಳಿದುಬಿಡುತ್ತದೆ. ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಮುಂದೆ ಬರುತ್ತದೆ. ಅಷ್ಟರಲ್ಲಿ ಎದುರಿನ ಚರ್ಮ ಉಬ್ಬಿ ದಾರಿ ಕಟ್ಟಿರುತ್ತದೆ. ಸಿಬಿರು ಅದನ್ನೇ ಚುಚ್ಚುತ್ತದೆ. ದೇಹ ಮುರಿದ ಮುಳ್ಳನ್ನು ಕಂಡಂತೆಯೇ ಅದನ್ನೂ ಕಾಣುತ್ತದೆ: ಕೆಂಪಾಗುತ್ತದೆ, ಊದುತ್ತದೆ, ಕೀವು ಕಟ್ಟುತ್ತದೆ, ಕೊನೆಗೆ ಪಕ್ಕದಲ್ಲಿ ಮುಟ್ಟಿದರೆ ರಕ್ತ ಜಿನುಗುವ ಹಸಿಮಾಂಸ ಬೆಳೆಯುತ್ತದೆ.

ಮೂಲೆ ಕತ್ತರಿಸಿದ ಕೂಡಲೇ ಹಾಯೆನಿಸುತ್ತದಲ್ಲ ಎಂದು ನೀನು ಕೇಳಬಹುದು. ಹೌದು, ಎನಿಸುತ್ತದೆ, ಜನ ಮೋಸ ಹೋಗುವುದೇ ಅಲ್ಲಿ. ಒತ್ತುತ್ತಿದ್ದ ತುದಿ ಹೋದ್ದರಿಂದ ಕೆಲವು ವಾರ ನೋವಿಲ್ಲ, ಆದರೆ ಮುಂದಿನ ಸಲದ ಸಿಬಿರು ಇನ್ನೂ ಆಳದಲ್ಲಿ ಉಳಿದಿರುತ್ತದೆ. ಅದಕ್ಕೇ ಉಗುರನ್ನು ನೇರಕ್ಕೆ ಕತ್ತರಿಸು. ಎರಡೂ ಮೂಲೆಗಳು ಚರ್ಮದ ಮೇಲೆ ಕಾಣುವಂತಿರಲಿ. ಸ್ನಾನವಾದ ಮೇಲೆ ಮೆತ್ತಗಿರುವಾಗ ಕತ್ತರಿಸುವುದು ಸುಲಭ. (ಮಂಗಳವಾರ ಶುಕ್ರವಾರ ಬೇಡವೆಂದು ಮನೆಯಲ್ಲಿ ಅಂದರೆ ಬುಧವಾರ ಕತ್ತರಿಸು, ಜಗಳ ಬೇಡ.) ಉಗುರಿನ ನಡುವೆ ವಿ ಆಕಾರದಲ್ಲಿ ಕಚ್ಚು ಹಾಕಿದರೆ ಅಂಚುಗಳು ನಡುವಿನತ್ತ ಸರಿಯುತ್ತವೆ ಎಂದು ಹೇಳುವವರೂ ಇದ್ದಾರೆ. ಉಗುರು ಬೆಳೆಯುವುದು ಬುಡದ ಚರ್ಮದಡಿಯ ಬೇರಿನಿಂದ. ಹೊರಗಿರುವುದು ಜೀವವಿಲ್ಲದ ಹಲಗೆ. ತುದಿಯಲ್ಲಿ ಕಚ್ಚು ಹಾಕಿದ್ದು ಬೇರಿಗೆ ಗೊತ್ತಾಗುವುದೇ ಇಲ್ಲ.

ಬರೀ ನೋವು, ಸ್ವಲ್ಪ ಊತ ಇರುವಾಗ ಮನೆಯಲ್ಲೇ ನೋಡಿಕೊಳ್ಳಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಪಾದವಿಟ್ಟು, ಒರೆಸಿ ಒಣಗಿಸಿ, ಹತ್ತಿಯ ಒಂದು ಎಳೆಯನ್ನು ಸಣ್ಣಗೆ ಹೊಸೆದು ಉಗುರಿನ ಮೂಲೆಯಡಿ ಮೆಲ್ಲಗೆ ತೂರಿಸು. ದಿನಾ ಬದಲಿಸು. ಮೂಲೆ ಚರ್ಮವನ್ನು ದಾಟಿ ಬರುವವರೆಗೆ, ಅಂದರೆ ವಾರಗಟ್ಟಲೆ, ಇದನ್ನು ಬಿಡದೆ ಮಾಡಬೇಕು; ಹೆಚ್ಚಿನವರು ನಾಲ್ಕೇ ದಿನಕ್ಕೆ ಬೇಸತ್ತು ಮತ್ತೆ ಕಟರ್ ಹಿಡಿಯುತ್ತಾರೆ. ಬೆರಳಾಡಲು ಜಾಗವಿಲ್ಲದ ಶೂ ಅಷ್ಟು ದಿನ ಮೂಲೆಯಲ್ಲಿರಲಿ. ಉಗುರುಸುತ್ತಿಗೆ ಮಾಡುವಂತೆ ನಿಂಬೆಹಣ್ಣು ಕೊರೆದು ಬೆರಳಿಗೆ ಸಿಕ್ಕಿಸುವುದರಿಂದ ಇಲ್ಲಿ ಪ್ರಯೋಜನವಿಲ್ಲ, ಚುಚ್ಚುವುದು ಒಳಗೇ ಇರುತ್ತದೆ. ಆ್ಯಂಟಿಬಯಾಟಿಕ್ ಮಾತ್ರೆಯ ಕತೆಯೂ ಅದೇ: ಸೋಂಕು ಬೆರಳಿನಿಂದಾಚೆ ಹರಡಿದ್ದರೆ ಅದು ಬೇಕು, ಆದರೆ ಸಿಬಿರನ್ನು ಅದು ತೆಗೆಯುವುದಿಲ್ಲ.

ಕೀವು, ಹಸಿಮಾಂಸ ಕಂಡರೆ ಅಥವಾ ಮತ್ತೆ ಮತ್ತೆ ಬಂದರೆ ಡಾಕ್ಟರ ಹತ್ತಿರ ಹೋಗು. ಇಡೀ ಉಗುರು ಕಿತ್ತುಬಿಡುತ್ತಾರೆ ಎಂಬ ಭಯ ಎಲ್ಲರಿಗೂ ಇದೆ. ಹಾಗೆ ಬರೀ ಕೀಳುವುದು ಒಳ್ಳೆಯ ಉಪಾಯವೂ ಅಲ್ಲ. ಹೊಸ ಉಗುರು ಪೂರ್ತಿ ಬರಲು ವರ್ಷ, ಒಂದೂವರೆ ವರ್ಷ ಬೇಕು, ಬೇರು ಹಾಗೇ ಇರುವುದರಿಂದ ಹಳೆಯ ಕಾಟವೇ ಮರಳಬಹುದು. ಈಗ ಬಳಕೆಯಲ್ಲಿರುವ ವಿಧಾನದಲ್ಲಿ ಬೆರಳಿನ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಒಳಹೊಕ್ಕ ಪಕ್ಕದ ಕಿರಿದಾದ ಪಟ್ಟಿಯನ್ನಷ್ಟೇ ತೆಗೆದು, ಆ ಭಾಗದ ಬೇರಿಗೆ ಫೀನಾಲ್ ಎಂಬ ರಾಸಾಯನಿಕ ಹಚ್ಚಿ ಸುಡುತ್ತಾರೆ. ಅದೇ ದಿನ ಮನೆಗೆ ಬರಬಹುದು. ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗಿದ 2012ರ ಕಾಕ್ರೇನ್ ವಿಮರ್ಶೆ, ಮರುಕಳಿಕೆ ತಡೆಯಲು ಉಳಿದ ಉಪಾಯಗಳಿಗಿಂತ ಶಸ್ತ್ರಚಿಕಿತ್ಸೆ ಮೇಲು, ಅದರ ಜತೆ ಫೀನಾಲ್ ಇದ್ದರೆ ಇನ್ನೂ ಮೇಲಿರಬಹುದು ಎಂದಿತು. ಇದಕ್ಕೂ ಬೆಲೆಯಿದೆ: ಕೆಲವು ವಾರ ಗಾಯ ಒಸರುತ್ತದೆ, ಉಗುರು ಶಾಶ್ವತವಾಗಿ ತುಸು ಕಿರಿದಾಗುತ್ತದೆ. ಹಾಗಾಗಿ ಮೊದಲ ಸಲದ ಸಣ್ಣ ನೋವಿಗೇ ಇದನ್ನು ಕೇಳಬೇಕಿಲ್ಲ.

ಹತ್ತಿಯ ಉಪಾಯ ಕಲಿತೆನೆಂದು ಮನೆಯಲ್ಲಿ ಸಕ್ಕರೆ ಕಾಯಿಲೆಯಿರುವ ಹಿರಿಯರ ಕಾಲಿಗೆ ಕೈಹಾಕಬೇಡ. ಅವರ ಪಾದಕ್ಕೆ ನೋವು ತಿಳಿಯದೇ ಹೋಗಬಹುದು, ಗಾಯ ಬೇಗ ಮಾಯುವುದಿಲ್ಲ. ಅವರ ಉಗುರಿನ ಪಕ್ಕ ಕೆಂಪಗಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸು.