ಬ್ರೇಕ್ ಹತ್ತಲಿಲ್ಲ: ಕಪನೂರ ದಾರಿಯಿಂದ ಒಂದು ಪಾಠ

ನಮ್ಮ ಮೆಕ್ಯಾನಿಕಲ್ ವಿಭಾಗದ ಗೆಳೆಯನೊಬ್ಬನ ತಂದೆ ಕಮಲಾಪುರದಿಂದ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿಗೆ ದಿನಾ ಬೈಕ್ ಮೇಲೆ ಬರುತ್ತಾರೆ. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೆಯೋದು. ಹೋದ ವರ್ಷ ದಸರಾ ಪೂಜೆಗೆ ಗಾಡಿ ಲಕಲಕ ಹೊಳೀಲಿ ಅಂತ ವಾಟರ್ ಸರ್ವಿಸ್ ಮಾಡಿಸಿದರು. ತೊಳೆದವರು ನೀರು ಹೊಡೆದ ಮೇಲೆ ಪದ್ಧತಿಯಂತೆ ಡೀಸೆಲ್ ಸ್ಪ್ರೇನೂ ಹೊಡೆದರು. ಮರುದಿನ ಬೆಳಿಗ್ಗೆ ಹುಮನಾಬಾದ್ ರಸ್ತೆಯಲ್ಲಿ ಮುಂದೆ ಹೊರಟಿದ್ದ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಕಾಕಾ ಗಾಡಿಯನ್ನು ರಸ್ತೆ ಬಿಟ್ಟು ಪಕ್ಕದ ಹೊಲಕ್ಕೆ ಇಳಿಸಿ ಜೀವ ಉಳಿಸಿಕೊಂಡರು, ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಅವರು ಹೇಳಿದ್ದು ಇಷ್ಟೇ: "ಬ್ರೇಕ್ ತುಳದೆ ತಮ್ಮಾ, ಹತ್ತಲೇ ಇಲ್ಲ."

ಎರಡು ತಿಂಗಳು ಕೆಲಸವಿಲ್ಲ, ದಿನಗೂಲಿ ಇಲ್ಲ. ನಾಲ್ಕು ವರ್ಷ ಘರ್ಷಣೆಯ ಲೆಕ್ಕ ಬಿಡಿಸಿದ ನಮಗೆ ನಮ್ಮ ಗೆಳೆಯನ ಮನೆಯ ಗಾಡಿಯ ಬ್ರೇಕ್ ಒಮ್ಮೆಯೂ ಬಿಚ್ಚಿ ನೋಡಬೇಕು ಅನಿಸಿರಲಿಲ್ಲ. ಈ ಲೇಖನ ಆ ಗಾಡಿಯನ್ನು ಹಾಸ್ಟೆಲ್ ಹಿಂದಿನ ಬೇವಿನ ಗಿಡದ ಕೆಳಗೆ ಬಿಚ್ಚಿದಾಗ ಕಲಿತದ್ದು.

ಹಿಂದಿನ ಗಾಲಿ ತೆಗೆದಾಗ ಡ್ರಮ್ ಒಳಗೆ ಕರೀ ಮಸಿಯಂಥ ರಾಡಿ. ಬ್ರೇಕ್ ಶೂ ಮೇಲಿನ ಲೈನಿಂಗ್ ಡೀಸೆಲ್ ಕುಡಿದು ಮಿರಿಮಿರಿ ಮಿನುಗುತ್ತಿತ್ತು. ಡ್ರಮ್ ಮುಚ್ಚಿದ ಡಬ್ಬಿಯಂತೆ ಕಾಣುತ್ತದೆ ನಿಜ, ಆದರೆ ಬ್ರೇಕ್ ಕ್ಯಾಮ್ ತಿರುಗುವ ಕಡ್ಡಿಯ ಸುತ್ತಲೂ, ಡ್ರಮ್ ಮತ್ತು ಪ್ಲೇಟ್ ಸೇರುವ ಅಂಚಿನಲ್ಲೂ ಸಂದು ಇರುತ್ತದೆ. ಜೋರಿನ ಗಾಳಿಯಲ್ಲಿ ಹೊಡೆದ ಡೀಸೆಲ್‌ಗೆ ಅಷ್ಟು ಸಂದು ಸಾಕು. ಲೈನಿಂಗ್ ಅನ್ನೋದು ನಾರು, ಲೋಹದ ಪುಡಿ, ರಾಳ ಸೇರಿಸಿ ಒತ್ತಿದ ವಸ್ತು. ಸಣ್ಣ ಸಣ್ಣ ರಂಧ್ರ ಇರುವುದರಿಂದ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ನಮ್ಮ ಕಡೆ ಕೆಲವು ಮಿಸ್ತ್ರಿಗಳು ಇಂಥ ಶೂಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚುತ್ತಾರೆ, ಇಲ್ಲವೇ ಪಾಲಿಶ್ ಪೇಪರ್ ಉಜ್ಜಿ ಮತ್ತೆ ಹಾಕುತ್ತಾರೆ. ಎರಡೂ ಕೆಲಸಕ್ಕೆ ಬಾರದ್ದು. ಮೇಲ್ಮೈ ಒಣಗಿದಂತೆ ಕಂಡರೂ ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮೇಲೆ ಬರುತ್ತದೆ. ಎಣ್ಣೆ ಕುಡಿದ ಶೂ, ಪ್ಯಾಡ್ ಎರಡನ್ನೂ ಬದಲಾಯಿಸಬೇಕು, ಬೇರೆ ದಾರಿ ಇಲ್ಲ. ಗಾಡಿ ತೊಳೆಸುವಾಗ "ಡೀಸೆಲ್ ಹೊಡೀಬ್ಯಾಡ್ರಿ" ಅಂತ ಎದುರು ನಿಂತು ಹೇಳುವುದು ಇದಕ್ಕಿಂತ ಎಷ್ಟೋ ಅಗ್ಗ.

ಆದರೆ ಡೀಸೆಲ್ ಅರ್ಧ ಕಥೆ ಮಾತ್ರ. ಮುಂದಿನ ಡ್ರಮ್ ಬಿಚ್ಚಿದೆವು. ಅಲ್ಲಿ ಶೂ ಹೆಚ್ಚುಕಡಿಮೆ ಹೊಸದರಂತೆ ಇತ್ತು, ಅಷ್ಟು ವರ್ಷ ಓಡಿದ ಗಾಡಿಯಲ್ಲಿ! ಕಾಕಾ ಮುಂದಿನ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ. "ಮುಂದಿಂದು ಹಿಡದ್ರ ಗಾಡಿ ಪಲ್ಟಿ ಹೊಡೀತದ" ಅನ್ನೋದು ಅವರಿಗೆ ಗಾಡಿ ಕಲಿಸಿದವರ ಮಾತು. ನಮ್ಮಲ್ಲೂ ಅರ್ಧ ಜನ ಹಾಗೇ ಕಲಿತವರು, ಸುಳ್ಳು ಯಾಕೆ ಹೇಳಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಗಾಡಿ, ಸವಾರ, ಹಿಂದೆ ಒಂದು ಸಣ್ಣ ಚೀಲ ಸೇರಿ 200 ಕಿಲೋ. ಎರಡು ಗಾಲಿಗಳ ನಡುವಿನ ಅಂತರ 1.3 ಮೀಟರ್, ಭಾರದ ಕೇಂದ್ರ ನೆಲದಿಂದ 0.6 ಮೀಟರ್ ಮೇಲೆ, ಸರಿಯಾಗಿ ನಡುವೆ ಅಂತ ಇಟ್ಟುಕೊಳ್ಳಿ. ನಿಂತಾಗ ಮುಂದೆ ಅರ್ಧ, ಹಿಂದೆ ಅರ್ಧ ಭಾರ. ಸೆಕೆಂಡಿಗೆ ಸೆಕೆಂಡಿಗೆ 5 ಮೀಟರಿನಂತೆ ವೇಗ ಇಳಿಸಿದರೆ 200 × 5 × 0.6 ÷ 1.3, ಅಂದರೆ ಸುಮಾರು 460 ನ್ಯೂಟನ್ ಭಾರ ಹಿಂದಿನ ಗಾಲಿಯಿಂದ ಮುಂದಿನದಕ್ಕೆ ಹೋಗುತ್ತದೆ. ಒಟ್ಟು ಭಾರದ ನೂರಕ್ಕೆ 73ರಷ್ಟು ಆಗ ಮುಂದಿನ ಗಾಲಿಯ ಮೇಲೆ. ಗಾಲಿ ನೆಲವನ್ನು ಹಿಡಿಯುವುದು ತನ್ನ ಮೇಲೆ ಕೂತ ಭಾರದಿಂದ. ಹಗುರಾದ ಹಿಂದಿನ ಗಾಲಿಗೆ ಎಷ್ಟು ಬಲವಾಗಿ ಬ್ರೇಕ್ ಹಾಕಿದರೂ ಅದು ಜಾರುತ್ತದೆಯೇ ಹೊರತು ಗಾಡಿಯನ್ನು ನಿಲ್ಲಿಸುವುದಿಲ್ಲ.

ಒಣ ಡಾಂಬರಿನ ಮೇಲೆ ಘರ್ಷಣಾಂಕ 0.7 ಅಂತ ಹಿಡಿದು ಹಿಂದಿನ ಬ್ರೇಕ್ ಒಂದರಿಂದಲೇ ಎಷ್ಟು ಸಾಧ್ಯ ಅಂತ ನೋಡಿದರೆ, ಡಿಸೆಲರೇಷನ್ 2.6 ದಾಟುವುದಿಲ್ಲ. 60 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 16.7 ಮೀಟರಿನಲ್ಲಿ, ನಿಲ್ಲಲು 53 ಮೀಟರ್ ಬೇಕು. ಎರಡೂ ಬ್ರೇಕ್ ಹಿಡಿದು, ಯಾವ ಸಾಹಸವೂ ಇಲ್ಲದೆ 5ರಂತೆ ಇಳಿಸಿದರೆ 28 ಮೀಟರ್. ಕಣ್ಣಿಗೆ ಕಂಡು ಕೈಕಾಲು ಕೆಲಸ ಮಾಡಲು ಒಂದು ಸೆಕೆಂಡ್ ಹಿಡಿದರೆ ಇನ್ನೂ 17 ಮೀಟರ್ ಸೇರಿಸಿ. ಹಿಂದೆ ದೊಡ್ಡ ಬೇಳೆ ಚೀಲ ಹೇರಿದರೆ ಹಿಂದಿನ ಗಾಲಿಗೆ ಭಾರ ಹೆಚ್ಚಿ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದರೆ ಮುಂದಿನದನ್ನು ಬಿಡುವಷ್ಟು ಅಲ್ಲ. ಪಲ್ಟಿಯ ಭಯ ಪೂರಾ ಸುಳ್ಳೂ ಅಲ್ಲ. ಗಾಬರಿಯಾಗಿ ಮುಂದಿನ ಲಿವರನ್ನು ಒಮ್ಮೆಲೇ ಹಿಂಡಿದರೆ, ಅದರಲ್ಲೂ ಹ್ಯಾಂಡಲ್ ತಿರುಗಿದ್ದಾಗ ಅಥವಾ ಉಸುಕಿನ ಮೇಲೆ, ಗಾಡಿ ಬೀಳುತ್ತದೆ. ಮೊದಲು ಮೆಲ್ಲಗೆ ಹಿಡಿದು, ಭಾರ ಮುಂದೆ ಬಂದ ಮೇಲೆ ಬಿಗಿ ಮಾಡುವುದು ಕಲಿಯಬೇಕಾದ ಸಂಗತಿ.

ಈ ಕಾರಣಕ್ಕೇ 2019ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮಾರುವ 125 ಸಿಸಿಗಿಂತ ಮೇಲಿನ ಬೈಕುಗಳಿಗೆ ಎಬಿಎಸ್, ಅದಕ್ಕಿಂತ ಸಣ್ಣವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಹಾಕಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಕಾಕಾನ ಗಾಡಿ ಅದಕ್ಕಿಂತ ಹಳೇದು. ಪೆಡಲ್ ತುಳಿದರೆ ಹಿಂದಿನ ಗಾಲಿ ಅಷ್ಟೇ. ಎಬಿಎಸ್ ಗಾಲಿ ಜಾಮ್ ಆಗದಂತೆ ಒತ್ತಡವನ್ನು ಬಿಟ್ಟು ಹಿಡಿದು ಮಾಡುತ್ತದೆ, ಹ್ಯಾಂಡಲ್ ನಿಮ್ಮ ಕೈಯಲ್ಲೇ ಇರುತ್ತದೆ. ಕಡಿ ಮತ್ತು ಉಸುಕಿನ ಮೇಲೆ ಅದು ನಿಲ್ಲುವ ದೂರವನ್ನು ಕಡಿಮೆ ಮಾಡುತ್ತದೆ ಅಂತ ಮಾತ್ರ ನಂಬಬೇಡಿ, ಅಲ್ಲಿ ಕೆಲವೊಮ್ಮೆ ಹೆಚ್ಚೇ ಆಗುತ್ತದೆ.

ಹೊಸ ಗಾಡಿ ತಗೊಳ್ಳುವವರು ನಮ್ಮನ್ನು ಕೇಳುವುದು ಡಿಸ್ಕೋ ಡ್ರಮ್ಮೋ ಅಂತ. ನಮ್ಮ ಅಭಿಪ್ರಾಯ: ಹೆದ್ದಾರಿಯಲ್ಲಿ ದಿನಾ ಓಡಾಡುವವರು ಮುಂದಿನ ಗಾಲಿಗೆ ಡಿಸ್ಕ್ ಇರುವುದನ್ನೇ ತಗೊಳ್ಳಿ, ಹಿಂದೆ ಡ್ರಮ್ ಇದ್ದರೂ ನಡೆಯುತ್ತದೆ. ಕಾರಣ ಬಿಸಿ. 200 ಕಿಲೋ ಗಾಡಿಯನ್ನು 60ರಿಂದ ನಿಲ್ಲಿಸಿದರೆ ಸುಮಾರು 28 ಕಿಲೋಜೂಲ್ ಶಕ್ತಿ ಬ್ರೇಕಿನಲ್ಲಿ ಬಿಸಿಯಾಗುತ್ತದೆ; ಅದೆಲ್ಲ ಒಂದು ಕಿಲೋ ಉಕ್ಕಿನ ಡಿಸ್ಕಿಗೇ ಹೋದರೆ ಒಂದೇ ಸಲಕ್ಕೆ 60 ಡಿಗ್ರಿಯಷ್ಟು ಏರುತ್ತದೆ. ಡಿಸ್ಕ್ ಗಾಳಿಗೆ ತೆರೆದಿದೆ, ಬೇಗ ಆರುತ್ತದೆ. ಡ್ರಮ್ ಬಿಸಿಯಾದರೆ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಲಿವರ್ ಇನ್ನೂ ಒಳಗೆ ಹೋಗುತ್ತದೆ, ಲೈನಿಂಗಿನ ರಾಳ ಕಾದು ಹಿಡಿತವೂ ಇಳಿಯುತ್ತದೆ. ಹಾಗಂತ ಡ್ರಮ್ಮನ್ನು ಬೈಯುವುದು ಬೇಡ. ತಿರುಗುವ ಡ್ರಮ್ ಒಂದು ಶೂವನ್ನು ತಾನೇ ಒಳಗೆ ಎಳೆದುಕೊಳ್ಳುವುದರಿಂದ ಸಣ್ಣ ಒತ್ತಡಕ್ಕೂ ಒಳ್ಳೆ ಹಿಡಿತ ಸಿಗುತ್ತದೆ. ಮಳೆಗಾಲದಲ್ಲಿ ಹೊಲದ ದಾರಿಯ ಕರೀ ಎರೆಮಣ್ಣು ಗಾಲಿಗೆ ಅಂಟುವ ನಮ್ಮ ಹಳ್ಳಿಗಳಲ್ಲಿ ಒಳಗೆ ಮುಚ್ಚಿಕೊಂಡಿರುವುದೂ ಒಂದು ಉಪಕಾರ.

ಡಿಸ್ಕ್ ಇದ್ದವರು ಮರೆಯುವುದು ಬ್ರೇಕ್ ಆಯಿಲ್. ಹೆಸರು ಆಯಿಲ್ ಆದರೂ ಅದು ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯ ತೇವವನ್ನು ಹೀರುವುದು ಅದರ ಗುಣ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ನೂರಕ್ಕೆ 3.7ರಷ್ಟು ನೀರು ಸೇರಿದಾಗ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಈ ಅಂಕಿಗಳು 205 ಮತ್ತು 140. ಕುದಿದರೆ ಪೈಪಿನಲ್ಲಿ ಆವಿ; ಆವಿ ಒತ್ತಿದರೆ ಕುಗ್ಗುತ್ತದೆ, ಲಿವರ್ ಹ್ಯಾಂಡಲ್ ಮುಟ್ಟುತ್ತದೆ, ಗಾಡಿ ಓಡುತ್ತಲೇ ಇರುತ್ತದೆ. ಆದ್ದರಿಂದ ಬಣ್ಣ ಹೇಗೇ ಇರಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಯಾವುದು ಹಾಕಬೇಕು ಅಂತ ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಅಂಗಡಿಯಲ್ಲಿ ಎಂದೋ ಒಡೆದ ಬಾಟಲಿಯಿಂದ ಹಾಕಿಸಿಕೊಳ್ಳಬೇಡಿ. ಇಂಜಿನ್ ಆಯಿಲನ್ನಂತೂ ಒಂದು ಹನಿಯೂ ಸೇರಿಸಬಾರದು, ಒಳಗಿನ ರಬ್ಬರ್ ಸೀಲ್ ಉಬ್ಬಿ ಕೆಟ್ಟುಹೋಗುತ್ತವೆ. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿಸುವ ಮುನ್ನ ಪ್ಯಾಡ್ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬರುತ್ತದೆ, ಅದರ ಜಾಗಕ್ಕೆ ದ್ರವ ಇಳಿಯುತ್ತದೆ. ಪ್ಯಾಡ್ ದಪ್ಪ ಇದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಡಿಸ್ಕ್ ಎಷ್ಟು ತೆಳುವಾಗಬಹುದು ಅನ್ನೋದನ್ನು ಡಿಸ್ಕಿನ ಮೇಲೆಯೇ ಮಿಲಿಮೀಟರಿನಲ್ಲಿ ಕೊರೆದಿರುತ್ತಾರೆ, ವರ್ನಿಯರ್ ಹಿಡಿದು ನೋಡಿ. ಲ್ಯಾಬ್ ಬಿಟ್ಟು ಹೊರಗೆ ಅದು ಉಪಯೋಗಕ್ಕೆ ಬರುವ ಅಪರೂಪದ ಸಂದರ್ಭ.

ಡ್ರಮ್ ಇದ್ದವರಿಗೆ ಕೆಲಸ ಇನ್ನೂ ಸುಲಭ. ಹಿಂದಿನ ಬ್ರೇಕ್ ಆರ್ಮ್ ಹತ್ತಿರ ಬಹುತೇಕ ಗಾಡಿಗಳಲ್ಲಿ ಒಂದು ಬಾಣದ ಗುರುತು ಇರುತ್ತದೆ; ಬ್ರೇಕ್ ಪೂರ್ತಿ ಒತ್ತಿದಾಗ ಬಾಣ ಪ್ಲೇಟಿನ ಗೆರೆ ಮುಟ್ಟಿದರೆ ಶೂ ಮುಗಿಯಿತು. ನಟ್ ಬಿಗಿ ಮಾಡುತ್ತಾ ಹೋದರೆ ಪೆಡಲ್ ಸರಿಯಾದಂತೆ ಅನಿಸುತ್ತದೆ, ಲೈನಿಂಗ್ ಬೆಳೆಯುವುದಿಲ್ಲವಲ್ಲ! ಚೈನ್ ಬಿಗಿ ಮಾಡಿಸಿದಾಗ ಗಾಲಿ ಹಿಂದೆ ಸರಿಯುತ್ತದೆ, ಆಗ ಬ್ರೇಕ್ ರಾಡಿನ ಅಡ್ಜಸ್ಟ್‌ಮೆಂಟೂ ನೋಡಬೇಕು. ಡ್ರಮ್ ಒಳಗಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಒದ್ದೆ ಬಟ್ಟೆಯಿಂದ ಒರೆಸಿ.

ಕಪನೂರಿನಲ್ಲಿ ಸಾಲಾಗಿ ನಿಲ್ಲುವ ಲಾರಿಗಳ ವಿಷಯ ಬೇರೆ, ಅವು ಏರ್ ಬ್ರೇಕ್. ಬೆಳಿಗ್ಗೆ ಒಬ್ಬ ಡ್ರೈವರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ಪುಸ್ ಅಂತ ನೀರು ಬಿಡುವುದನ್ನು ನೋಡಿದೆವು. ಕಂಪ್ರೆಸರ್ ಒತ್ತಿದ ಗಾಳಿ ತಣ್ಣಗಾದಾಗ ಅದರಲ್ಲಿನ ತೇವ ಟ್ಯಾಂಕಿನಲ್ಲಿ ನೀರಾಗುತ್ತದೆ, ಬಿಡದಿದ್ದರೆ ವಾಲ್ವುಗಳು ತುಕ್ಕು ಹಿಡಿಯುತ್ತವೆ. "ಇದು ಬಿಡಲಾರದ ಚಾ ಕುಡಿಯಂಗಿಲ್ಲ ನಾ" ಅಂದರು ಅವರು. ಥರ್ಮೋಡೈನಮಿಕ್ಸ್ ಕ್ಲಾಸಿನಲ್ಲಿ ಕೂತು ನಾವು ಬರೆದುಕೊಂಡದ್ದನ್ನು ಅವರು ದಿನಾ ಮಾಡುತ್ತಾರೆ.

ಕಾಕಾನ ಕೈ ವಾಸಿಯಾದ ಮೇಲೆ ಎರಡೂ ಗಾಲಿಗೆ ಹೊಸ ಶೂ ಹಾಕಿ, ಕೇಬಲ್ ಬದಲಾಯಿಸಿ, ಒಂದು ರವಿವಾರ ಮಿಲ್ಲುಗಳು ಬಂದ್ ಇದ್ದಾಗ ಕೈಗಾರಿಕಾ ಪ್ರದೇಶದ ಒಂದು ಖಾಲಿ ಒಳರಸ್ತೆಗೆ ಕರೆದುಕೊಂಡು ಹೋದೆವು. ಸುಣ್ಣದಲ್ಲಿ ಅಡ್ಡಗೆರೆ ಎಳೆದೆವು. 30ರ ವೇಗದಲ್ಲಿ ಬಂದು ಗೆರೆ ಮೇಲೆ ಬ್ರೇಕ್ ಹಾಕಬೇಕು. ಮೊದಲು ಬರೀ ಕಾಲಿನ ಬ್ರೇಕ್: ಹೆಜ್ಜೆ ಹಾಕಿ ಎಣಿಸಿದರೆ ಹದಿನೆಂಟು. ಆಮೇಲೆ ಎರಡೂ ಕೂಡಿಸಿ, ಮುಂದಿನದನ್ನು ಮೆಲ್ಲಗೆ ಹಿಡಿದು ಬಿಗಿ ಮಾಡುತ್ತಾ. ಮೊದಲ ಸಲ ಹೆದರಿ ಕೈ ಬಿಟ್ಟುಬಿಟ್ಟರು. ನಾಲ್ಕನೇ ಸಲಕ್ಕೆ ಹತ್ತು ಹೆಜ್ಜೆ. ಕಾಕಾ ಗಾಡಿ ಸ್ಟ್ಯಾಂಡ್ ಹಾಕಿ ಇಳಿದು, ತಾವೇ ಇನ್ನೊಮ್ಮೆ ಹೆಜ್ಜೆ ಹಾಕಿ ಎಣಿಸಿದರು. ಟ್ರ್ಯಾಕ್ಟರ್ ನಿಂತಿದ್ದ ದಿನದ ಬಗ್ಗೆ ಏನೂ ಮಾತಾಡಲಿಲ್ಲ. "ಇನ್ನೊಂದ್ ಸಲ ಬರ್ತೀನಿ ತಡೀರಿ" ಅಂತ ಗಾಡಿ ತಿರುಗಿಸಿದರು.