ಕಾರಿನ ಬಾಯಾರಿಕೆ: ಸೋರುವ ರೇಡಿಯೇಟರಿನ ಭೌತಶಾಸ್ತ್ರ

ಕೆಲವು ತಿಂಗಳುಗಳ ಹಿಂದಿನ ಮಾತು. ಚಾಮುಂಡಿ ಬೆಟ್ಟವನ್ನೇರುವ ರಸ್ತೆಯ ಒಂದು ತಿರುವಿನಲ್ಲಿ ಹಳೆಯ ಕಾರೊಂದು ಮೂತಿಯಿಂದ ಆವಿಯನ್ನು ಕಾರುತ್ತ ನಿಂತಿತ್ತು. ಅದನ್ನು ನಡೆಸಿಕೊಂಡು ಬಂದಿದ್ದ ಯುವಕನು ಕೈಗೆ ಟವೆಲನ್ನು ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿದನು. ನಾವು ಕೂಗಿ ತಡೆಯುವುದರೊಳಗಾಗಿ ಮುಚ್ಚಳ ಹಾರಿಹೋಯಿತು. ಕುದಿನೀರು ಆಳೆತ್ತರಕ್ಕೆ ಚಿಮ್ಮಿತು. ಅವನ ಮುಂಗೈಯಿಂದ ಮೊಳಕೈಯವರೆಗೆ ಬೊಬ್ಬೆಗಳೆದ್ದುವು. ಮುಖ ಉಳಿದುದೇ ಭಾಗ್ಯ. ವಿಚಾರಿಸಿದಾಗ ಅವನು ಪದವಿ ತರಗತಿಯ ವಿಜ್ಞಾನದ ವಿದ್ಯಾರ್ಥಿಯೆಂದು ತಿಳಿಯಿತು. ಒತ್ತಡ ಹೆಚ್ಚಿದರೆ ದ್ರವದ ಕುದಿಬಿಂದುವೂ ಏರುವುದೆಂಬ ನಿಯಮವನ್ನು ಅವನು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆದಿದ್ದನು. ಆದರೆ ಅದೇ ನಿಯಮ ತನ್ನ ಕೈಯಡಿಯಲ್ಲಿ ಅವಿತಿದೆಯೆಂಬುದು ಅವನಿಗೆ ಹೊಳೆಯಲಿಲ್ಲ.

ಆ ಕಾರಿಗೆ ಆಗಿದ್ದುದು ಬಹು ಸಾಮಾನ್ಯವಾದ ರೋಗ: ಎಂಜಿನನ್ನು ತಂಪುಗೊಳಿಸುವ ನೀರು ಎಲ್ಲಿಯೋ ಸೋರಿಹೋಗಿತ್ತು. ಈ ರೋಗವನ್ನು ಗುರುತಿಸುವುದು ಹೇಗೆ, ಗುಣಪಡಿಸುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ. ನಮ್ಮ ಪಠ್ಯಪುಸ್ತಕದ ಅರ್ಧ ಡಜನ್ ಅಧ್ಯಾಯಗಳು ಈ ಒಂದು ಪೆಟ್ಟಿಗೆಯೊಳಗೆ ಕೂಡಿ ಕೆಲಸ ಮಾಡುತ್ತಿರುವುದು ಆಗ ಕಂಡುಬರುವುದು.

ಶಾಖದ ಜಮಾಖರ್ಚು

ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು ೭,೭೦೦ ಕಿಲೋಕ್ಯಾಲೊರಿ ಶಾಖ ಹುಟ್ಟುತ್ತದೆ. ಸ್ಥೂಲವಾಗಿ ಇದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕೆಲಸಕ್ಕೆ ದೊರೆಯುವುದಿಲ್ಲ. ಇನ್ನೊಂದು ಭಾಗ ಹೊಗೆಯ ಕೊಳವೆಯಲ್ಲಿ ಹೊರಟುಹೋಗುತ್ತದೆ. ಉಳಿದ ಭಾಗ ಸಿಲಿಂಡರಿನ ಗೋಡೆಗಳಿಗೆ ಇಳಿಯುತ್ತದೆ. ಅದನ್ನು ಹೊತ್ತು ಹೊರಗೆ ಹಾಕುವುದೇ ನೀರಿನ ಕೆಲಸ. ಗಂಟೆಗೆ ೬ ಲೀಟರ್ ಪೆಟ್ರೋಲನ್ನು ಸುಡುವ ಕಾರಿನಲ್ಲಿ ನೀರು ಹೊರಬೇಕಾದ ಶಾಖ ನಿಮಿಷಕ್ಕೆ ಸುಮಾರು ೨೫೫ ಕಿಲೋಕ್ಯಾಲೊರಿಯಾಗುತ್ತದೆ. ರೇಡಿಯೇಟರು ಕೆಲಸವನ್ನೇ ನಿಲ್ಲಿಸಿತೆಂದು ಭಾವಿಸಿರಿ. ಒಳಗಿರುವ ೬ ಲೀಟರ್ ನೀರನ್ನು ೨೭ ಡಿಗ್ರಿಯಿಂದ ೯೭ ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು ೬ × ೭೦, ಎಂದರೆ ೪೨೦ ಕಿಲೋಕ್ಯಾಲೊರಿ ಸಾಕು. ಎಂಜಿನಿನ ಕಬ್ಬಿಣವು ಹೀರುವ ಪಾಲನ್ನು ಬಿಟ್ಟರೆ, ಎರಡು ನಿಮಿಷ ತುಂಬುವುದರೊಳಗೆ ನೀರು ಕುದಿಯತೊಡಗುವುದು! ನೀರು ಕಡಿಮೆಯಾದಷ್ಟೂ ಈ ಅವಧಿ ಇನ್ನೂ ಕುಗ್ಗುವುದು. ಬೆಟ್ಟವನ್ನೇರುವಾಗಲಂತೂ ಇಂಧನದ ಖರ್ಚು ಹೆಚ್ಚು, ವೇಗ ಕಡಿಮೆ, ಎದುರುಗಾಳಿಯೂ ಕಡಿಮೆ. ಆದುದರಿಂದಲೇ ಊರೊಳಗೆ ಮುಚ್ಚಿಕೊಂಡಿದ್ದ ರೋಗ ಬೆಟ್ಟದ ಮೇಲೆ ಹೊರಬೀಳುತ್ತದೆ.

ಎಲ್ಲ ಎಂಜಿನುಗಳಿಗೂ ನೀರು ಬೇಕೆಂದಲ್ಲ. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ ರಿಂದ ೧೯೯೬ ರ ವರೆಗೆ ತಯಾರಿಸಿದ ಜಾವಾ, ಯೆಜ್ದಿ ಮೋಟಾರುಸೈಕಲ್ಲುಗಳನ್ನು ನೋಡಿರಿ. ಅವುಗಳ ಸಿಲಿಂಡರಿನ ಸುತ್ತಲೂ ಇರುವ ತೆಳುವಾದ ಲೋಹದ ರೆಕ್ಕೆಗಳು ಶಾಖವನ್ನು ನೇರವಾಗಿ ಗಾಳಿಗೆ ಕೊಡುತ್ತವೆ. ಅಲ್ಲಿ ಸೋರುವುದಕ್ಕೆ ಏನೂ ಇಲ್ಲ. ಆದರೆ ನಾಲ್ಕು ಸಿಲಿಂಡರುಗಳನ್ನು ಒತ್ತಾಗಿ ಜೋಡಿಸಿ, ಮೇಲೆ ಮುಚ್ಚಳ ಹಾಕಿದ ಕಾರಿನ ಎಂಜಿನಿಗೆ ಈ ಉಪಾಯ ಸುಲಭವಾಗಿ ಒಗ್ಗುವುದಿಲ್ಲ. ೨೦೧೪ ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್, ಅದಕ್ಕೂ ಮೊದಲೇ ನಿಂತ ಪ್ರೀಮಿಯರ್ ಪದ್ಮಿನಿ ಮೊದಲಾದ ಹಳೆಯ ಕಾರುಗಳೆಲ್ಲ ನೀರನ್ನೇ ನೆಚ್ಚಿದುವು.

ಮುಚ್ಚಳದ ಮಹಿಮೆ

ರೇಡಿಯೇಟರಿನ ಮುಚ್ಚಳವು ಬರಿಯ ಬಿರಡೆಯಲ್ಲ; ಸ್ಪ್ರಿಂಗಿನಿಂದ ಒತ್ತಿಹಿಡಿದಿರುವ ಕವಾಟ. ಕೆಲವು ಹಳೆಯ ಮುಚ್ಚಳಗಳ ಮೇಲೆ ೭ ಎಂಬ ಅಂಕಿಯನ್ನು ಕಾಣಬಹುದು. ಹೊರಗಿನ ವಾಯುವಿಗಿಂತ ಚದರ ಅಂಗುಲಕ್ಕೆ ೭ ಪೌಂಡುಗಳಷ್ಟು, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಕಿಲೋಗ್ರಾಂನಷ್ಟು ಹೆಚ್ಚಿನ ಒತ್ತಡವನ್ನು ಅದು ಒಳಗೆ ಹಿಡಿದಿಡುವುದೆಂದು ಇದರ ಅರ್ಥ.

ಮೈಸೂರು ಸಮುದ್ರಮಟ್ಟದಿಂದ ಸುಮಾರು ೭೬೦ ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ೧೦೦ ಡಿಗ್ರಿಗೆ ಅಲ್ಲ, ಸುಮಾರು ೯೭.೫ ಡಿಗ್ರಿಗೇ ಕುದಿಯುತ್ತದೆ. ಬೆಟ್ಟದ ತುದಿಯಲ್ಲಿ ಇನ್ನೊಂದು ಡಿಗ್ರಿ ಇಳಿಯುತ್ತದೆ. ೨,೨೪೦ ಮೀಟರ್ ಎತ್ತರದ ಉದಕಮಂಡಲದಲ್ಲಿ ೯೩ ಡಿಗ್ರಿಯೂ ಆಗುವುದಿಲ್ಲ. ಮುಚ್ಚಳ ಸರಿಯಾಗಿದ್ದರೆ ಮೈಸೂರಿನಲ್ಲಿ ಈ ಕುದಿಬಿಂದು ಸುಮಾರು ೧೦೯ ಡಿಗ್ರಿಗೆ ಏರುವುದು. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರಿನ ತತ್ತ್ವವೇ ಇದು. ಸ್ಪ್ರಿಂಗು ಸೋತರೆ ಯಾವ ತೂತೂ ಇಲ್ಲದೆಯೇ ನೀರು ಬೇಗ ಕುದಿದು, ಹೊರಗಂಡಿಯ ಮೂಲಕ ಚೆಲ್ಲಿಹೋಗುವುದು. ಆದುದರಿಂದ ಪರೀಕ್ಷೆಯನ್ನು ಮುಚ್ಚಳದಿಂದಲೇ ಆರಂಭಿಸುವುದು ಬುದ್ಧಿವಂತಿಕೆ. ಅದು ಎಲ್ಲಕ್ಕಿಂತ ಅಗ್ಗದ ಭಾಗವೂ ಹೌದು.

ಈಗ ಆ ಯುವಕನ ಕೈಗೆ ಏನಾಯಿತೆಂಬುದನ್ನು ಲೆಕ್ಕಹಾಕೋಣ. ೧೦೯ ಡಿಗ್ರಿಯಲ್ಲಿದ್ದ ೬ ಲೀಟರ್ ನೀರಿನ ಮೇಲಣ ಒತ್ತಡ ಒಮ್ಮೆಲೇ ಇಳಿಯಿತು. ನೀರು ಕೂಡಲೇ ೯೭.೫ ಡಿಗ್ರಿಗೆ ಇಳಿಯಬೇಕು. ಹೆಚ್ಚಾದ ಸುಮಾರು ೭೦,೦೦೦ ಕ್ಯಾಲೊರಿ ಶಾಖ ಆವಿಯ ಗುಪ್ತೋಷ್ಣವಾಗಿ ಪರಿಣಮಿಸಬೇಕು. ಒಂದು ಗ್ರಾಂಗೆ ೫೪೦ ಕ್ಯಾಲೊರಿಯಂತೆ ಸುಮಾರು ೧೩೦ ಗ್ರಾಂ ನೀರು ಆವಿಯಾಗುವುದು. ಆ ಆವಿಯ ಗಾತ್ರ ೨೦೦ ಲೀಟರಿಗೂ ಮಿಗಿಲು! ೬ ಲೀಟರಿನ ಪಾತ್ರೆಯೊಳಗೆ ಇಷ್ಟು ಆವಿ ಕ್ಷಣಮಾತ್ರದಲ್ಲಿ ಹುಟ್ಟಿದರೆ ಅದು ಕುದಿನೀರನ್ನೂ ನೂಕಿಕೊಂಡು ಹೊರಗೆ ನುಗ್ಗದೆ ಇದ್ದೀತೆ? ಟವೆಲು ಇದನ್ನು ತಡೆಯಲಾರದು. ಎಂಜಿನನ್ನು ನಿಲ್ಲಿಸಿ, ಮೇಲಿನ ರಬ್ಬರು ಕೊಳವೆಯು ಬರಿಗೈಗೆ ತಣ್ಣಗೆ ತೋರುವವರೆಗೆ ಕಾಯುವುದೊಂದೇ ದಾರಿ. ಅರ್ಧ ಗಂಟೆ, ಕೆಲವು ವೇಳೆ ಒಂದು ಗಂಟೆ ಹಿಡಿಯಬಹುದು, ಹಿಡಿಯಲಿ. ಒಂದು ವೇಳೆ ಕೈ ಸುಟ್ಟರೆ ಮಾಡಬೇಕಾದ ಮೊದಲ ಉಪಚಾರ ಇಪ್ಪತ್ತು ನಿಮಿಷಗಳ ಕಾಲ ಹರಿಯುವ ತಣ್ಣೀರು, ಅನಂತರ ವೈದ್ಯರು.

ತೂತು ಎಲ್ಲಿದೆ?

ಹೊರಗೆ ಸೋರುವ ನೀರು ಸಾಮಾನ್ಯವಾಗಿ ಗುರುತನ್ನು ಬಿಡುತ್ತದೆ. ರಾತ್ರಿ ಕಾರಿನ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹರಡಿಟ್ಟು, ಬೆಳಗ್ಗೆ ಕಲೆ ಎಲ್ಲಿ ಬಿದ್ದಿದೆಯೆಂದು ನೋಡಬೇಕು. ಮುಂಭಾಗದಲ್ಲಿದ್ದರೆ ರೇಡಿಯೇಟರು ಅಥವಾ ಅದರ ರಬ್ಬರು ಕೊಳವೆಗಳು. ಫ್ಯಾನಿನ ಹಿಂದಿದ್ದರೆ ನೀರಿನ ಪಂಪು. ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅಲ್ಲಿಂದ ನೀರು ತೊಟ್ಟಿಕ್ಕಿದರೆ ಒಳಗಿನ ಸೀಲು ಸವೆದಿದೆಯೆಂದು ತಿಳಿಯಬೇಕು. ಅದನ್ನು ಮುಚ್ಚಿಬಿಡುವುದು ರೋಗಿಯ ಬಾಯಿಯನ್ನು ಮುಚ್ಚಿದಂತೆ. ನೀರು ಆವಿಯಾಗಿ ಹೋದ ಕಡೆ ಬಿಳಿಯ ಸುಣ್ಣದ ಹೆಪ್ಪು, ಬಣ್ಣದ ದ್ರವವಿದ್ದರೆ ಹಸುರು ಕರೆ, ಒಮ್ಮೊಮ್ಮೆ ಸಿಹಿಯಾದ ವಾಸನೆ, ಇವೆಲ್ಲವೂ ಸಾಕ್ಷಿಗಳೇ.

ಆದರೆ ಸಾಕ್ಷಿಯೇ ಇಲ್ಲದ ಸೋರಿಕೆಯೂ ಉಂಟು. ನನ್ನ ಮನೆಯ ಹಳೆಯ ಕಾರಿನಲ್ಲಿ ಇಂತಹುದೊಂದು ಕಾಣಿಸಿಕೊಂಡಿತು. ಬೆಟ್ಟಕ್ಕೆ ಹೋಗಿಬಂದರೆ ಅರ್ಧ ಲೀಟರ್ ನೀರು ಮಾಯ. ಮೂರು ರಾತ್ರಿ ಹರಡಿದ ಪತ್ರಿಕೆಯ ಮೇಲೆ ಒಂದು ಹನಿಯೂ ಇಲ್ಲ! ಇದಕ್ಕೆ ಉತ್ತರ ಮೇಲ್ಮೈ ಕರ್ಷಣದ ಪಾಠದಲ್ಲಿದೆ. ೦.೨ ಮಿಲಿಮೀಟರ್ ವ್ಯಾಸದ ರಂಧ್ರವೊಂದನ್ನು ಕಲ್ಪಿಸಿಕೊಳ್ಳಿರಿ. ಅದರ ಬಾಯಲ್ಲಿ ನೀರು ಅರ್ಧಗೋಳಾಕಾರದ ಹನಿಯಾಗಿ ಉಬ್ಬಿ ನಿಂತಾಗ, ಆ ಹನಿಯ ಮೇಲ್ಮೈ ೨ಸ/ತ್ರಿ ಎಂಬಷ್ಟು ಒತ್ತಡವನ್ನು ತಡೆಯಬಲ್ಲುದು. ಇಲ್ಲಿ ‘ಸ’ ಎಂದರೆ ಮೇಲ್ಮೈ ಕರ್ಷಣ, ಸೆಂಟಿಮೀಟರಿಗೆ ೭೨ ಡೈನ್. ‘ತ್ರಿ’ ಎಂದರೆ ತ್ರಿಜ್ಯ, ೦.೦೧ ಸೆಂಟಿಮೀಟರ್. ಉತ್ತರ ಚದರ ಸೆಂಟಿಮೀಟರಿಗೆ ೧೪,೪೦೦ ಡೈನ್. ಇದು ಸುಮಾರು ೧೪ ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಆದುದರಿಂದ ನೀರಿನ ಮಟ್ಟಕ್ಕಿಂತ ನಾಲ್ಕೈದು ಸೆಂಟಿಮೀಟರ್ ಕೆಳಗಿರುವ ಇಂತಹ ರಂಧ್ರದಿಂದ, ಅದರ ಹೊರಮೈ ಒಣಗಿ ಜಿಡ್ಡಾಗಿದ್ದರೆ, ಕಾರು ತಣ್ಣಗಿರುವಾಗ ಹನಿಯೂ ಬೀಳದು.

ಕಾರು ಬಿಸಿಯಾದಾಗಲೋ? ಮುಚ್ಚಳ ಹಿಡಿದಿಡುವ ಅರ್ಧ ಕಿಲೋಗ್ರಾಂ ಒತ್ತಡವು ೫ ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮ. ಟಾರಿಸೆಲ್ಲಿಯ ನಿಯಮದಂತೆ ನೀರು ಸೆಕೆಂಡಿಗೆ ಸುಮಾರು ೧೦ ಮೀಟರ್ ವೇಗದಿಂದ ಚಿಮ್ಮುವುದು. ಕೂದಲೆಳೆಗಿಂತ ಅಷ್ಟೇನೂ ದಪ್ಪವಲ್ಲದ ಆ ರಂಧ್ರದ ಮೂಲಕ ಗಂಟೆಗೆ ಅರ್ಧ ಲೀಟರಿಗೂ ಮಿಕ್ಕಿ ನೀರು ಹೊರಟುಹೋಗಬಹುದು. ಹೊರಬಿದ್ದ ತುಂತುರು ಬಿಸಿ ಲೋಹದ ಮೇಲೆ ಆರಿ, ಗಾಳಿಯಲ್ಲಿ ಸೇರಿಹೋಗುತ್ತದೆ. ಪತ್ರಿಕೆಯ ಮೇಲೆ ಕಲೆ ಎಲ್ಲಿಂದ ಬಂದೀತು?

ಹಾಗಾದರೆ ತಣ್ಣಗಿರುವ ಕಾರಿನಲ್ಲಿ ಬಿಸಿಯಿರುವಾಗಿನ ಒತ್ತಡವನ್ನು ಉಂಟುಮಾಡಬೇಕು. ದುರಸ್ತಿ ಮಾಡುವವರ ಬಳಿ ಇದಕ್ಕಾಗಿ ಕೈಪಂಪೊಂದು ಇರುತ್ತದೆ. ಅದನ್ನು ಮುಚ್ಚಳದ ಜಾಗದಲ್ಲಿ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡವನ್ನು ಮಾತ್ರ ಏರಿಸಿ, ಮಾಪಕದ ಮುಳ್ಳನ್ನು ಹತ್ತು ನಿಮಿಷ ನೋಡಬೇಕು. ನನ್ನ ಕಾರಿನಲ್ಲಿ ಮುಳ್ಳು ನಿಧಾನವಾಗಿ ಇಳಿಯಿತು. ದೀಪ ಹಿಡಿದು ಹುಡುಕಿದಾಗ ರೇಡಿಯೇಟರಿನ ಮೇಲಿನ ತೊಟ್ಟಿಯ ಬೆಸುಗೆಯಲ್ಲಿ ಮುತ್ತಿನಂತಹ ಹನಿಯೊಂದು ಉಬ್ಬಿ, ಒಡೆದು, ಮತ್ತೆ ಉಬ್ಬುತ್ತಿತ್ತು.

ಒಳಗಿನ ಸೋರಿಕೆ

ಮುಳ್ಳು ಇಳಿಯುತ್ತಿದ್ದರೂ ಹೊರಗೆ ಎಲ್ಲಿಯೂ ಹನಿ ಕಾಣದಿದ್ದರೆ ಸಂಗತಿ ಕಠಿನವಾದುದು. ಸಿಲಿಂಡರುಗಳಿಗೂ ಅವುಗಳ ತಲೆಭಾಗಕ್ಕೂ ನಡುವೆ ಇರುವ ಗ್ಯಾಸ್ಕೆಟ್ಟು ಹರಿದಿರಬಹುದು. ಬಿಸಿಯಾದ ಮೇಲೂ ನಿಲ್ಲದ ಬಿಳಿಯ ಹೊಗೆ, ಎಣ್ಣೆಯಲ್ಲಿ ಮಜ್ಜಿಗೆಯಂತಹ ನೊರೆ, ರೇಡಿಯೇಟರಿನಲ್ಲಿ ಏಳುವ ಗುಳ್ಳೆಗಳು ಇದರ ಲಕ್ಷಣಗಳು. ಇಲ್ಲಿ ರಸಾಯನಶಾಸ್ತ್ರವು ಸಹಾಯಕ್ಕೆ ಬರುತ್ತದೆ. ನೀರಿನ ಮೇಲಿರುವ ಗಾಳಿಯನ್ನು ರಬ್ಬರು ಬುಡ್ಡೆಯಿಂದ ಸೆಳೆದು ಬ್ರೋಮೋಥೈಮಾಲ್ ನೀಲಿಯ ದ್ರಾವಣದ ಮೂಲಕ ಹಾಯಿಸಬೇಕು. ಅದರಲ್ಲಿ ಉರಿದ ಅನಿಲ ಬೆರೆತಿದ್ದರೆ ಇಂಗಾಲದ ಡೈಆಕ್ಸೈಡು ದ್ರಾವಣವನ್ನು ಆಮ್ಲೀಯಗೊಳಿಸಿ, ನೀಲಿಯನ್ನು ಹಳದಿಗೆ ತಿರುಗಿಸುವುದು. ಇದು ನಿಶ್ಚಯವಾದರೆ ಎಂಜಿನನ್ನು ಬಿಚ್ಚದೆ ಗತ್ಯಂತರವಿಲ್ಲ.

ಇನ್ನೊಂದು ಎಚ್ಚರಿಕೆ: ಉಷ್ಣತಾಮಾಪಕದ ಮುಳ್ಳನ್ನು ಪೂರ್ಣವಾಗಿ ನಂಬಬಾರದು. ಅದರ ತುದಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಅದಕ್ಕಿಂತ ಕೆಳಗಿಳಿದರೆ, ಎಂಜಿನು ಬೇಯುತ್ತಿರುವಾಗಲೇ ಮುಳ್ಳು ಹಿಂದಕ್ಕೆ ಸರಿದು ನಮ್ಮನ್ನು ಸಮಾಧಾನಪಡಿಸಬಹುದು.

ದುರಸ್ತಿ

ರಬ್ಬರು ಕೊಳವೆ ಬಿರುಕುಬಿಟ್ಟಿದ್ದರೆ, ಹಿಚುಕಿದಾಗ ಮೆತ್ತಗಾಗಿದ್ದರೆ ಬದಲಾಯಿಸಬೇಕು. ಪಟ್ಟಿ ಸಡಿಲವಾಗಿದ್ದರೆ ಬಿಗಿಮಾಡಬೇಕು. ತಾಮ್ರ ಹಿತ್ತಾಳೆಗಳ ಹಳೆಯ ರೇಡಿಯೇಟರಿಗೆ ಬೆಸುಗೆ ಹಾಕಬಹುದು. ಅದನ್ನು ಬಿಚ್ಚಿ, ಬಾಯಿಗಳನ್ನು ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿದರೆ, ಸೈಕಲ್ ಟ್ಯೂಬಿನಂತೆ ಗುಳ್ಳೆಗಳು ತೂತನ್ನು ತೋರಿಸುವುವು. ಜಾಗವನ್ನು ಉಜ್ಜಿ ಶುಚಿಮಾಡಿ ಕಾಯಿಸಿದಾಗ, ಕರಗಿದ ಬೆಸುಗೆಯ ಲೋಹವನ್ನು ಸಂದಿನೊಳಕ್ಕೆ ಸೆಳೆಯುವುದು ಅದೇ ಮೇಲ್ಮೈ ಕರ್ಷಣವೇ. ತೂತನ್ನು ನನ್ನಿಂದ ಮರೆಮಾಡಿದ್ದ ಬಲವೇ ಅದನ್ನು ಮುಚ್ಚಿತು. ಈಚಿನ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನ ರೇಡಿಯೇಟರುಗಳಿಗೆ ಈ ಭಾಗ್ಯವಿಲ್ಲ. ಅವನ್ನು ಸಾಮಾನ್ಯವಾಗಿ ಪೂರ್ತಿಯಾಗಿಯೇ ಬದಲಾಯಿಸುತ್ತಾರೆ.

ದಾರಿಯಲ್ಲಿ ಸೋರಿಕೆ ಕಂಡಾಗ ನೀರಿಗೆ ಅರಿಸಿನದ ಪುಡಿಯನ್ನು ಹಾಕುವ ರೂಢಿ ನಮ್ಮ ಚಾಲಕರಲ್ಲಿದೆ. ಪುಡಿ ನೆನೆದು ಉಬ್ಬಿ ಸಣ್ಣ ತೂತನ್ನು ಮುಚ್ಚುವುದು ನಿಜ. ಆದರೆ ಅದಕ್ಕೆ ತೂತು ಯಾವುದು, ದಾರಿ ಯಾವುದು ಎಂಬ ವಿವೇಕವಿಲ್ಲ; ರೇಡಿಯೇಟರಿನ ಕಿರಿದಾದ ನಾಳಗಳನ್ನೂ ಅದು ಕಟ್ಟಿಬಿಡಬಹುದು. ಮನೆ ಮುಟ್ಟಿಸಲು ಸಾಕಾದ ಉಪಾಯವೆಂದು ಮಾತ್ರ ತಿಳಿಯಬೇಕು. ಬಿಸಿಯಾದ ಎಂಜಿನಿಗೆ ತಣ್ಣೀರನ್ನು ಸುರಿಯುವುದಂತೂ ಅದಕ್ಕಿಂತ ಕೆಟ್ಟದ್ದು: ಒಂದು ಕಡೆ ಕಬ್ಬಿಣ ಥಟ್ಟನೆ ಕುಗ್ಗಿ, ಪಕ್ಕದ ಭಾಗ ಕುಗ್ಗದೆ, ಎಂಜಿನು ಸೀಳಬಹುದು.

ಮತ್ತೆ ತುಂಬುವಾಗ ಕೊಳವೆಬಾವಿಯ ಗಡಸು ನೀರು ಬೇಡ. ಕಾಯಿಸಿದಾಗ ಅದರಲ್ಲಿನ ಬೈಕಾರ್ಬೊನೇಟುಗಳು ಸುಣ್ಣವಾಗಿ ಗೋಡೆಗೆ ಹತ್ತುತ್ತವೆ. ಆ ಪದರದ ಶಾಖವಾಹಕತೆ ಕಬ್ಬಿಣದ ಇಪ್ಪತ್ತನೆಯ ಒಂದು ಭಾಗವೂ ಇಲ್ಲ. ಭಟ್ಟಿಯಿಳಿಸಿದ ನೀರಿಗೆ ಎಥಿಲೀನ್ ಗ್ಲೈಕಾಲ್ ದ್ರವವನ್ನು ಬೆರೆಸುವುದು ಉತ್ತಮ. ನಮ್ಮೂರಿನಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ನಿಜ. ಆದರೆ ಅದು ಕುದಿಬಿಂದುವನ್ನು ಏರಿಸುತ್ತದೆ, ಅದರೊಡನೆ ಬೆರೆಸಿರುವ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಆದರೆ ಅದು ಸಿಹಿಯಾದ ವಿಷ. ಚೆಲ್ಲಿದ್ದನ್ನು ನಾಯಿ, ದನ, ಮಕ್ಕಳ ಬಾಯಿಗೆ ಸಿಗದಂತೆ ಕೂಡಲೇ ತೊಳೆದುಬಿಡಬೇಕು.

ಬೆಸುಗೆಯಾದ ಮೇಲೆ ನಾನು ಬೆಟ್ಟಕ್ಕೆ ಹೋಗಿಬಂದು, ಕಾರು ಪೂರ್ತಿ ತಣಿಯುವವರೆಗೆ ಕಾದು, ಮುಚ್ಚಳವನ್ನು ತೆರೆದು ನೋಡಿದೆನು. ನೀರು ಮೊದಲು ಗುರುತಿಟ್ಟಲ್ಲಿಯೇ ಇತ್ತು. ಕಾಯುತ್ತ ಕುಳಿತಿದ್ದ ಆ ಒಂದು ಗಂಟೆ ಆ ಯುವಕನ ನೆನಪೇ ಆಗುತ್ತಿತ್ತು. ಅವನಿಗೆ ತಿಳಿಯದ ನಿಯಮ ಯಾವುದೂ ಇದರಲ್ಲಿರಲಿಲ್ಲ. ಪುಸ್ತಕದಲ್ಲಿ ಓದಿದುದನ್ನು ರಸ್ತೆಯ ಬದಿಯಲ್ಲಿ ಒಂದು ಕ್ಷಣ ನೆನೆದಿದ್ದರೆ ಸಾಕಿತ್ತು. ಬಿಸಿಯಾದ ರೇಡಿಯೇಟರಿನ ಮುಂದೆ ನಿಂತಾಗ, ವಾಚಕರೇ, ಕೈಯನ್ನು ಮುಂದೆ ಚಾಚುವ ಮೊದಲು ಆ ೨೦೦ ಲೀಟರ್ ಆವಿಯನ್ನು ನೆನೆಯಿರಿ.